ಕೋಡಿಯಮ್ಮ ಒಲಿದ ಮನೆ

ನನಗೆ ಐವತ್ತೇಳು ತುಂಬಿದ ವರ್ಷ, ಒಂದು ಬೆಳಿಗ್ಗೆ ಕಾಫಿ ಲೋಟ ಮುಂದಿಟ್ಟಾಗ, ನಮ್ಮ ಯಜಮಾನರು ನನ್ನನ್ನು ‘ತಾಯಿ’ ಎಂದು ಕರೆದರು. ಮೂವತ್ತೆಂಟು ವರ್ಷ ‘ಏ ಇವಳೇ’ ಎಂದ ಬಾಯಿ ಅದು. ತಮಾಷೆಯಿರಬೇಕೆಂದು ಮುಖ ನೋಡಿದೆ. ಅವರು ಕೈ ಮುಗಿದು ನಿಂತಿದ್ದರು, ಕಣ್ಣು ತುಂಬಿತ್ತು.

ಹಿಂದಿನ ಸಂಜೆ ನಾನು ಹೇಳಿದ್ದು ಇಷ್ಟೇ: ಮುಟ್ಟು ನಿಂತು ಆರು ವರ್ಷವಾದ ಮೇಲೆ ನನಗೆ ಮತ್ತೆ ರಕ್ತ ಕಂಡಿದೆ.

ಅದಕ್ಕೆ ಕೈ ಮುಗಿಯುವುದೇಕೆ ಎಂದು ಹೊರಗಿನವರು ಕೇಳಿಯಾರು. ನಮ್ಮೂರು ಚಂದಾಪುರದ ಹಿಂದಿದೆ. ಊರು ಎನ್ನುವುದು ಈಗ ಹೆಸರಿಗೆ ಮಾತ್ರ. ರಾಗಿ ಬೆಳೆಯುತ್ತಿದ್ದ ಕಡೆ ಬಾಡಿಗೆ ರೂಮುಗಳ ಸಾಲು, ಅದರಾಚೆ ಫ್ಯಾಕ್ಟರಿ ಕಾಂಪೌಂಡು. ಆ ಗೋಡೆಗೆ ಬೆನ್ನು ಕೊಟ್ಟು ಕೋಡಿಯಮ್ಮನ ಗುಡಿ ಕೂತಿದೆ. ಗುಡಿಯ ಒಳಬಾಗಿಲನ್ನು ತೆಗೆದು ದೀಪ ಹಚ್ಚುವವಳು ಮುಟ್ಟು ನಿಂತವಳಾಗಿರಬೇಕು, ಅದೂ ನಮ್ಮ ಮನೆಯ ಹೆಣ್ಣೇ ಆಗಿರಬೇಕು. ಆ ಹಕ್ಕು ಬೇರೆಯವರ ಪಾಲಾಗಬಾರದೆಂದು ನಮ್ಮಲ್ಲಿ ಹೆಣ್ಣುಮಕ್ಕಳನ್ನು ಸೋದರಮಾವಂದಿರಿಗೇ ಕೊಡುತ್ತಾರೆ. ನಮ್ಮ ಯಜಮಾನರು ಹನುಮಂತರಾಯಪ್ಪ ನನ್ನ ಹೆತ್ತವ್ವನ ಕೊನೆಯ ತಮ್ಮ. ಅಂದರೆ ನನ್ನ ಅಜ್ಜಿಯೇ ನನಗೆ ಅತ್ತೆ.

ಬೀಗದ ಕೈ ಅಜ್ಜಿಯಿಂದ ದೊಡ್ಡವ್ವನಿಗೆ, ದೊಡ್ಡವ್ವನಿಂದ ನಮ್ಮವ್ವನಿಗೆ, ಅವ್ವನಿಂದ ನನಗೆ ಬಂದಿತ್ತು. ಆ ಮೂವರಿಗೂ ನಿಂತ ಮುಟ್ಟು ಮತ್ತೆ ಬಂತು. ಬಂದ ಎರಡೇ ವರ್ಷದಲ್ಲಿ ಮೂವರೂ ಹೋದರು. ಅದನ್ನು ನಮ್ಮಲ್ಲಿ ಯಾರೂ ಸಾವು ಎನ್ನುವುದಿಲ್ಲ. ಕೋಡಿಯಮ್ಮ ಒಲಿದಳು, ಕರೆಸಿಕೊಂಡಳು ಎನ್ನುತ್ತಾರೆ. ಗುಡಿಯ ಪಕ್ಕ ಅವರ ಹೆಸರಿನಲ್ಲಿ ಅರಿಸಿನ ಬಳಿದ ಮೂರು ಕಲ್ಲುಗಳಿವೆ.

ಒಲಿದವಳ ಬಾಳು ಹೇಗಿರುತ್ತದೆಂದು ನನಗೆ ಆಮೇಲೆ ಗೊತ್ತಾಯಿತು. ಯಜಮಾನರು ಹಾಸಿಗೆ ಎತ್ತಿಕೊಂಡು ಹಜಾರಕ್ಕೆ ಹೋದರು. ನಾನು ಅಡುಗೆಮನೆಗೆ ಕಾಲಿಟ್ಟರೆ ಓಡಿ ಬಂದು ಕೈಯಿಂದ ಸೌಟು ಕಿತ್ತುಕೊಳ್ಳುತ್ತಿದ್ದರು. ವರ್ಷಗಟ್ಟಲೆ ಮುಖ ತಿರುಗಿಸಿದ್ದ ನೆಂಟರು ಹೂವು ಹಣ್ಣು ಹಿಡಿದು ಬಂದರು. ಯಾರೂ ಜಾಸ್ತಿ ಮಾತಾಡುತ್ತಿರಲಿಲ್ಲ. ಸಾಲಾಗಿ ಕೂತು ನನ್ನನ್ನು ನೋಡುತ್ತಾ ನಗುತ್ತಿದ್ದರು. ನಾನು ನೀರು ಕುಡಿದರೂ ನಗು, ಕೆಮ್ಮಿದರೂ ನಗು. ಹಾಡುಹಗಲು, ಆಚೆ ರಸ್ತೆಯಲ್ಲಿ ಕಂಪನಿ ಬಸ್ಸುಗಳ ಹಾರ್ನ್ ಸದ್ದು, ಒಳಗೆ ಇಪ್ಪತ್ತು ಜನರ ಆ ಮೌನ. ಒಂದು ದಿನ ತಡೆಯಲಾರದೆ, “ಯಾಕ್ರೀ ಇಂಗೆ ನೋಡ್ತೀರ, ನಾನೇನ್ ಸರ್ಕಸ್ ಪ್ರಾಣೀನಾ?” ಎಂದು ರೇಗಿದೆ. ಅದಕ್ಕೂ ಕೈ ಮುಗಿದರು.

ಮೇ ತಿಂಗಳ ಒಂದು ಮಧ್ಯಾಹ್ನ ಯಜಮಾನರು ಆನೇಕಲ್ಲಿನಿಂದ ಟೆಂಪೊದಲ್ಲಿ ಒಂದು ಕಲ್ಲು ತಂದರು. ಹಿತ್ತಿಲಲ್ಲಿ ಇಳಿಸಿ, ನನಗೆ ಕಾಣುವ ಹಾಗೆಯೇ ತೊಳೆದು ಅರಿಸಿನ ಹಚ್ಚಿದರು. ಅಷ್ಟು ಪ್ರೀತಿಯಿಂದ ಅವರು ನನ್ನ ಬೆನ್ನನ್ನೂ ಎಂದೂ ಉಜ್ಜಿರಲಿಲ್ಲ. ನನಗೆ ಭಯವಾಯಿತು. ಬದುಕಬೇಕು ಅನ್ನಿಸಿತು.

“ಡಾಕ್ಟರ ಅತ್ರ ಒಂದ್ಸಲ ತೋರಿಸ್ಕೊಂಡ್ ಬರ್ಲಾ?” ಎಂದು ಕೇಳಿದೆ.

“ಒಲ್ಲೆ ಅನ್ಬಾರ್ದು ತಾಯಿ,” ಎಂದರು ಮೆಲ್ಲಗೆ. “ನೀವು ಒಲ್ಲೆ ಅಂದ್ರೆ ಅಮ್ಮ ನಿಮ್ಮಿಂದೆ ಇರೋಳ ತಾವ ಓಯ್ತಾಳೆ.”

ನನ್ನ ಹಿಂದೆ ಇರುವವಳು ಜ್ಯೋತಿಲಕ್ಷ್ಮಿ, ನನ್ನ ತಂಗಿ. ನಮಗೆ ಮಕ್ಕಳಾಗಲಿಲ್ಲ. ನನಗಿಂತ ಐದು ವರ್ಷ ಚಿಕ್ಕವಳಾದ ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಅವಳಿಗೂ ಮುಟ್ಟು ನಿಂತು ಎರಡು ವರ್ಷವಾಗಿತ್ತು. ಅವಳ ಹೆಸರಿಗೆ ಕಲ್ಲು ಬರುವುದಕ್ಕಿಂತ ನನ್ನದೇ ಇರಲಿ ಎಂದು ಬಾಯಿ ಮುಚ್ಚಿಕೊಂಡೆ. ರಕ್ತ ಕಂಡದ್ದು ಯುಗಾದಿಯಾದ ಮರುವಾರ, ಹೀಗೆ ಮೂರು ತಿಂಗಳು ಕಳೆಯಿತು. ನೋವಿರಲಿಲ್ಲ. ಒಮ್ಮೆ ಕಲೆಯಷ್ಟು, ಒಮ್ಮೆ ಮೊದಲಿನ ಹಾಗೆ, ಒಮ್ಮೆ ಬರೀ ನಸುಗೆಂಪು ನೀರು.

ನನ್ನ ಬಟ್ಟೆಯ ಕಲೆ ನೋಡಿದವಳು ಸುಮಂಗಲಾ. ಯಾದಗಿರಿ ಕಡೆಯವಳು, ನಮ್ಮ ಏಳನೇ ನಂಬರ್ ಬಾಡಿಗೆ ರೂಮಿನಲ್ಲಿದ್ದಳು, ಎಲೆಕ್ಟ್ರಾನಿಕ್ ಸಿಟಿ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಆಯಾ ಕೆಲಸ. ಒಗೆಯುವ ಕಲ್ಲಿನ ಹತ್ತಿರ ನನ್ನ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತಳು.

“ಯವ್ವಾ, ಇದು ನಿಮ್ದೇನ್ರಿ? ನಿಮಗ ನಿಂತಿತ್ತಲ್ರಿ?”

“ಅಮ್ಮ ಒಲಿದವ್ಳೆ ಕಣೇ,” ಎಂದೆ.

“ದೇವರ ಸುದ್ದಿ ನನಗ ತಿಳಿಯಂಗಿಲ್ರಿ. ನಿಂತು ವರ್ಷಾದಮ್ಯಾಗ ಒಂದ್ ಹನಿ ಕಂಡ್ರೂ ತೋರಸ್ಬೇಕು ಅಂತ ನಮ್ ಡಾಕ್ಟರಮ್ಮ ಬಂದ ಹೆಣ್ಮಕ್ಕಳಿಗೆಲ್ಲಾ ಹೇಳ್ತಾರ್ರಿ. ಗುಡಿ ಬಾಜೂ ಕಲ್ಲಾಗ್ಯಾರಲ್ರಿ, ಆ ಮೂರೂ ಮಂದಿ ಹೆಂಗ್ ಹೋದ್ರು, ಕಡೀಗ?”

ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಮ್ಮವ್ವ ಕೊನೆಯ ನಾಲ್ಕು ತಿಂಗಳು ಮಲಗಿದ ಕೋಣೆ ಕಣ್ಣಿಗೆ ಬಂತು. ಹೊಟ್ಟೆ ಊದಿಕೊಂಡಿತ್ತು, ಕಾಲು ಬಾತಿತ್ತು. ಕೋಣೆಯಲ್ಲಿ ಒಂದು ವಾಸನೆ ಇರುತ್ತಿತ್ತು. ಅದು ತಿಳಿಯದಿರಲೆಂದು ನಾವು ಕಟ್ಟುಗಟ್ಟಲೆ ಊದುಬತ್ತಿ ಹಚ್ಚುತ್ತಿದ್ದೆವು. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂಗುತ್ತಿದ್ದಳು. ಅಮ್ಮ ಮೈಮೇಲೆ ಬಂದಿದ್ದಾಳೆಂದು ಎಲ್ಲರೂ ಸುತ್ತ ಕೂತು ನಗುತ್ತಿದ್ದರು. ಅವರ ಜೊತೆ ನಾನೂ ನಕ್ಕಿದ್ದೆ. ಈಗಲೂ ಆ ನಗುವಿಗೆ ನನ್ನನ್ನು ನಾನು ಕ್ಷಮಿಸಿಲ್ಲ.

ಮಾರನೆಯ ದಿನ ಸಂತೆಗೆ ಹೋಗುತ್ತೇನೆಂದು ಸುಳ್ಳು ಹೇಳಿ ಸುಮಂಗಲಾ ಜೊತೆ ಬಸ್ಸು ಹತ್ತಿದೆ.

ಡಾಕ್ಟರ್ ಪ್ರಿಯಾಂಕಾ ಚಿಕ್ಕ ವಯಸ್ಸಿನವರು. ಸ್ಕ್ಯಾನ್ ಮಾಡಿ, ಗರ್ಭಕೋಶದ ಒಳಪದರ ಇರಬೇಕಾದ್ದಕ್ಕಿಂತ ದಪ್ಪವಾಗಿದೆ ಎಂದರು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನದ ಮೇಲೆ ಕರೆಸಿ, ಸುತ್ತಿ ಬಳಸದೆ ಹೇಳಿದರು.

“ಒಳಪದರದಲ್ಲಿ ಕ್ಯಾನ್ಸರ್ ಇದೆ ಭಾಗ್ಯಮ್ಮ. ಸ್ಕ್ಯಾನಲ್ಲಿ ನೋಡಿದ್ರೆ ಹೊರಗಡೆ ಹಬ್ಬಿದ ಹಾಗಿಲ್ಲ. ಗರ್ಭಕೋಶ, ಅಂಡಾಶಯ ತೆಗೆದುಬಿಟ್ರೆ ಗುಣ ಆಗೋ ಸಾಧ್ಯತೆ ತುಂಬಾ ಇದೆ. ಇದು ರಕ್ತ ತೋರಿಸಿ ಮೊದಲೇ ಹೇಳುತ್ತೆ. ನಾವು ಕೇಳಬೇಕು ಅಷ್ಟೇ.”

ಸಕ್ಕರೆ ಕಾಯಿಲೆ, ನನ್ನ ದಪ್ಪ ಮೈ, ಹೆರಿಗೆಯಾಗದ್ದು, ಇವೆಲ್ಲ ಅಪಾಯ ಹೆಚ್ಚಿಸುತ್ತವೆ ಎಂದರು. ಮನೆಯಲ್ಲಿ ಮತ್ತಾರಿಗಾದರೂ ಇತ್ತೇ ಎಂದು ಕೇಳಿದರು. ಹೇಳುತ್ತಾ ಹೋದೆ. ಅವರು ಕಾಗದದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಸೊನ್ನೆ ಬರೆದು, ಗೆರೆ ಎಳೆದು ಒಂದಕ್ಕೊಂದು ಸೇರಿಸಿದರು. ಮದುವೆಯಾದ ಗೆರೆ, ಹುಟ್ಟಿದ ಗೆರೆ ಎಲ್ಲ ತಿರುಗಿ ಅದೇ ಸೊನ್ನೆಗಳಿಗೇ ಬಂದವು. ಅವರ ಪೆನ್ನು ನಿಂತಿತು.

“ಕೆಲವು ಮನೆಗಳಲ್ಲಿ ಇದು ರಕ್ತದಲ್ಲೇ ಇಳಿದು ಬರುತ್ತೆ. ಅದಕ್ಕೆ ಬೇರೆ ಪರೀಕ್ಷೆ ಇದೆ, ಮಾಡೋಣ. ನಿಮ್ಮ ಯಜಮಾನ್ರೂ ಅದೇ ರಕ್ತ, ಅಂಥವರಿಗೆ ಕರುಳಲ್ಲೂ ಬರಬಹುದು, ಅವರೂ ತಪಾಸಣೆ ಮಾಡಿಸ್ಲಿ. ನಿಮಗೆ ತಂಗಿ ಇದ್ದಾರೆ ಅಂದ್ರಲ್ಲ, ಅವರನ್ನ ಬೇಗ ಕರ್ಕೊಂಡು ಬನ್ನಿ.”

ನಿಮ್ಮಿಂದೆ ಇರೋಳ ತಾವ ಓಯ್ತಾಳೆ. ಹಿತ್ತಿಲಲ್ಲಿ ಕೇಳಿದ ಮಾತನ್ನೇ ಓದಿದ ಹುಡುಗಿಯೊಬ್ಬಳು ಬಿಳಿ ಕೋಟು ಹಾಕಿಕೊಂಡು ಹೇಳುತ್ತಿದ್ದಾಳೆ ಅನ್ನಿಸಿ, ಫ್ಯಾನಿನ ಕೆಳಗೂ ಬೆವರಿದೆ.

ಮನೆಗೆ ಬಂದು ಎಲ್ಲ ಹೇಳಿದೆ. ಯಜಮಾನರು ಕೂಗಾಡಲಿಲ್ಲ. ತಲೆ ಬಗ್ಗಿಸಿ ಕೇಳಿ, ಎದ್ದು, ಬೀಗದ ಕೈ ತೆಗೆದುಕೊಂಡು ಜ್ಯೋತಿಯ ಮನೆಗೆ ನಡೆದರು. ಹಿಂದೆಯೇ ನಾನೂ ಓಡಿದೆ. ಆಸ್ಪತ್ರೆಗೆ ಬಾ ಎಂದು ಅವಳ ಗಲ್ಲ ಹಿಡಿದು ಬೇಡಿದೆ. “ನಂಗೇನಾಗೈತೆ ಅಕ್ಕಾ, ಗುಂಡುಕಲ್ಲಂಗಿವ್ನಿ,” ಎಂದು ನಕ್ಕು, ಸೆರಗೊಡ್ಡಿ ಬೀಗದ ಕೈ ಇಸಿದುಕೊಂಡಳು.

ಶ್ರಾವಣದಲ್ಲಿ ನನ್ನ ಆಪರೇಷನ್ ಆಯಿತು. ಊರಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಸುಮಂಗಲಾ ತನ್ನ ಡ್ಯೂಟಿಯ ನಡುವೆ ಬಂದು ಗಂಜಿ ಕುಡಿಸಿ ಹೋಗುತ್ತಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ಜ್ಯೋತಿ ಕಂಡಳು. ರೇಷ್ಮೆ ಸೀರೆ, ಕೆನ್ನೆಗೆ ಅರಿಸಿನ, ಮುಡಿ ತುಂಬ ಮಲ್ಲಿಗೆ. ನನಗೆ ಜೀವ ಬಂದಂತಾಯಿತು. ಅವಳು ಮಂಚದ ತುದಿಯಲ್ಲಿ ಬಗ್ಗಿ ನನ್ನ ಪಾದ ಮುಟ್ಟಿ, ಕಿವಿಯ ಹತ್ತಿರ ಬಂದಳು. ಆ ನಗು ಅವಳ ಮುಖದಲ್ಲಿತ್ತು.

“ಅಕ್ಕಾ, ಒರಗ್ ಯಾರಿಗೂ ಯೋಳಿಲ್ಲ, ನಿಂಗೇ ಮೊದ್ಲು. ನೀನ್ ಒಲ್ಲೆ ಅಂದ್ಯಲ್ಲ. ನನ್ ತಾವ ಬಂದ್ಲು.”

“ಯಾವಾಗ್ಲೇ?” ಎಂದೆ.

“ಬೈಬಾರ್ದು ನೀನು. ಸಂಕ್ರಾಂತಿಗೇ ಸುರುವಾಯ್ತು. ಆಗ ಬೀಗದ ಕೈ ನಿನ್ ತಾವ ಇತ್ತು, ನಿನ್ ಸರದಿ ನಾನ್ಯಾಕೆ ಕಿತ್ಕೊಳ್ಳಾದು ಅಂತ ಮುಚ್ಚಿಟ್ಕೊಂಡಿದ್ದೆ. ಈಗ ದಿನಾ ಓಯ್ತದೆ ಅಕ್ಕಾ. ಸೊಂಟ್ವೂ ನೋಯ್ತದೆ.”

ಸಂಕ್ರಾಂತಿ. ನನಗೆ ಕಾಣಿಸಿಕೊಳ್ಳುವುದಕ್ಕೂ ಎರಡು ತಿಂಗಳು ಮೊದಲು. ಇವಳನ್ನು ಉಳಿಸುತ್ತಿದ್ದೇನೆಂದು ನಾನು ದೇವರಂತೆ ಕೂತಿದ್ದ ಮೂರು ತಿಂಗಳೂ, ನನಗೆ ನೋವಾಗದಿರಲೆಂದು ಇವಳು ಬಟ್ಟೆ ಬಚ್ಚಿಟ್ಟುಕೊಂಡು ಓಡಾಡಿದ್ದಳು.

“ಆಸೀರ್ವಾದ ಮಾಡಕ್ಕಾ, ಓಯ್ತೀನಿ. ಗುಡಿ ತಾವ ಎಲ್ರೂ ದೀಪಕ್ಕೆ ಕಾಯ್ತಾವ್ರೆ, ಅಲ್ಲೇ ಯೋಳ್ತೀನಿ,” ಎಂದಳು.

ನಾನು ಅವಳ ಮುಂಗೈ ಹಿಡಿದೆ. ಮೊದಲು ನಕ್ಕಳು. ಆಮೇಲೆ ಬಿಡಿಸಿಕೊಳ್ಳಲು ನೋಡಿದಳು, ಎಳೆದಳು. ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ಎರಡನೆಯ ಕೈಯನ್ನೂ ಹಾಕಿ ಹಿಡಿದೆ. ಅವಳ ಬಳೆಗಳು ಒಡೆದು ಹಾಸಿಗೆಯ ಮೇಲೆ ಬಿದ್ದವು. ಆಚೆ ಮಂಚದವರು ಎದ್ದು ಕೂತು ನೋಡುತ್ತಿದ್ದರು. ಡಾಕ್ಟರ್ ರೌಂಡ್ಸಿಗೆ ಬರುವುದು ಹತ್ತು ಗಂಟೆಗೆ, ಆಗಿನ್ನೂ ಒಂಬತ್ತೂವರೆ.

“ಬಿಡಕ್ಕಾ, ನೋಯ್ತದೆ,” ಎಂದು ಜ್ಯೋತಿ ಅಳತೊಡಗಿದಳು.

“ಅಳು,” ಎಂದೆ. ಕೈ ಬಿಡಲಿಲ್ಲ.