ಮೇ ಆರರ ಸಹಿ

ಮಾರ್ಚ್ ಮೂರರ ಮಧ್ಯಾಹ್ನ ಬನಹಟ್ಟಿಯ ಸೈಜಿಂಗ್ ಶೆಡ್ಡಿನ ಬಾಗಿಲನ್ನು ಗುರುಸಿದ್ದ ಒಳಗಿನಿಂದ ಹಾಕಿಕೊಂಡ. ಮಗ್ಗಕ್ಕೆ ಹೋಗುವ ನೂಲಿಗೆ ಗಂಜಿ ಹಚ್ಚುವ ಆ ಚಿಕ್ಕ ಕಂಪನಿಯನ್ನು ಅವನ ತಂದೆ ಹೊಳಬಸಪ್ಪ ಮತ್ತು ಪಾಂಡುರಂಗ ಕೂಡಿ ಕಟ್ಟಿದ್ದರು. ಹೊಳಬಸಪ್ಪ ಈಗಿಲ್ಲ. ನೂರರಲ್ಲಿ ಐವತ್ತೆರಡು ಷೇರು ಪಾಂಡುರಂಗರವು. ಅವನ್ನು ಮಗಳು ಪ್ರಣೀತಾಳ ಹೆಸರಿಗೆ ಮಾಡುವುದಾಗಿ ಅವರು ಹಿಂದಿನ ದಿನವಷ್ಟೇ ಹೇಳಿದ್ದರು.

"ಸಹಿ ಮಾಡ್ರಿ ಕಾಕಾ," ಎಂದ ಒಳಗೆ ಕೂತಿದ್ದ ಪಾಂಡುರಂಗರಿಗೆ.

ಮೇಜಿನ ಮೇಲೆ ಷೇರು ವರ್ಗಾವಣೆ ಫಾರ್ಮು. ಐವತ್ತೆರಡೂ ಗುರುಸಿದ್ದನಿಗೆ ದಾನ. ತಾರೀಖಿನ ಜಾಗ ಖಾಲಿ.

"ನಿಮ್ಮಪ್ಪ ಇದ್ದಿದ್ರ ನಿನ್ನ ಕಪಾಳಕ್ಕ ಹೊಡೀತಿದ್ದ."

"ಅಂವ ಇಲ್ಲಲ್ರಿ. ಅದಕ್ಕ ನಾ ಹೊಡೀತೀನಿ."

ಮೊದಲ ಏಟು ಕಿವಿಯ ಮೇಲೆ ಬಿತ್ತು. ಎರಡನೆಯದಕ್ಕೆ ಕನ್ನಡಕ ಒಡೆದು ಹುಬ್ಬು ಸೀಳಿತು. ಬಿದ್ದವರ ಪಕ್ಕೆಗೆ ಗುರುಸಿದ್ದ ಬೂಟುಗಾಲಿನಿಂದ ನಾಲ್ಕು ಸಲ ಒದ್ದ. ಮಷಿನ್ ನಡೆಸುವ ಬಾಳು ಗೋಡೆಗೆ ಒತ್ತಿ ನಿಂತಿದ್ದ.

"ಗಂಜಿ ಕುದಿಯಾಕತ್ತೇತಿ ಕಾಕಾ. ಮಾರಿ ಅದ್ದಲೇನು?"

ಪಾಂಡುರಂಗ ಸಹಿ ಮಾಡಿದರು. ಎಂದಿನಂತೆ ಕೆಳಗೆ ಎರಡು ಗೆರೆ ಎಳೆದರು.

ಅಲ್ಲಿಗೆ ಮುಗಿಯಬೇಕಿತ್ತು. ಗುರುಸಿದ್ದ ಫಾರ್ಮು ಮಡಚಿಟ್ಟುಕೊಂಡು, "ನಾಳೆ ಮಗಳಿಗೂ ಒಂದು ಬರದು ಕೊಟ್ರ?" ಎಂದ. "ಬಾಳು, ಬೀಮ್ ಉರುಳಸು ಲೇ."

ನೂಲು ಸುತ್ತಿದ ಬೀಮ್ ಮೂರಾಳು ತೂಕದ ಕಬ್ಬಿಣದ ಉರುಳೆ. ಗುರುಸಿದ್ದ ಪಾಂಡುರಂಗರ ಬಲಗೈಯನ್ನು ನೆಲಕ್ಕೆ ಒತ್ತಿ ಹಿಡಿದ. ಬಾಳು ಉರುಳಿಸಿದ. ಬೀಮಿನ ಅಂಚಿನ ತಟ್ಟೆ ಬೆರಳುಗಳ ಮೇಲೆ ಹಾದುಹೋಯಿತು.

ಮರುದಿನ ಜಮಖಂಡಿಯ ಆಸ್ಪತ್ರೆಯೊಂದರಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ತೆಗೆದರು. ಶೆಡ್ಡಿನಲ್ಲಿ ಬಿದ್ದೆನೆಂದು ಪಾಂಡುರಂಗ ಬರೆಸಿದರು. ಬಾಯಿಬಿಟ್ಟರೆ ಮುಂದಿನ ಪಾಳಿ ಪ್ರಣೀತಾಳದು ಎಂದು ಗುರುಸಿದ್ದ ಹೇಳಿಕಳಿಸಿದ್ದ.

ಫಾರ್ಮಿನ ಜತೆ ಷೇರುಪತ್ರವೂ ಬೇಕು. ಅದು ಪ್ರಣೀತಾಳ ಬ್ಯಾಂಕ್ ಲಾಕರಿನಲ್ಲಿತ್ತು. ಪತ್ರ ಕಳೆದಿದೆಯೆಂದು ಬರೆದು, ತಾನೂ ಹೆಂಡತಿ ವೈಶಾಲಿಯೂ ನಿರ್ದೇಶಕರಾಗಿ ಕೂತು ನಕಲು ಪತ್ರ ಮಾಡಿಸಿಕೊಳ್ಳುವಷ್ಟರಲ್ಲಿ ಗುರುಸಿದ್ದನಿಗೆ ಎರಡು ತಿಂಗಳು ದಾಟಿತು. ಸಹಿಯಾದ ಅರವತ್ತು ದಿನದೊಳಗೆ ಫಾರ್ಮು ಕಂಪನಿಗೆ ತಲುಪಬೇಕೆಂದು ಕಾಯ್ದೆ ಹೇಳುತ್ತದೆ. ಅವನು ಖಾಲಿ ಜಾಗದಲ್ಲಿ ಮೇ ಆರು ಎಂದು ಬರೆದ. ಮೇ ಒಂಬತ್ತರಂದು ಸದಸ್ಯರ ರಿಜಿಸ್ಟರಿನಿಂದ ಪಾಂಡುರಂಗರ ಹೆಸರು ಹೋಯಿತು.

ರಿಜಿಸ್ಟರ್ ತಿದ್ದಿಸಲು ಪ್ರಣೀತಾ ಅಪ್ಪನನ್ನು ಬೆಂಗಳೂರಿನ ಕಂಪನಿ ನ್ಯಾಯಮಂಡಳಿಗೆ ಕರೆದೊಯ್ದಳು. ಗುರುಸಿದ್ದನ ವಕೀಲರು ತಜ್ಞರ ವರದಿ ಕೊಟ್ಟರು: ಹಳೆಯ ಸಹಿಗಳಿಗೆ ತಾಳೆಯಾಗಿದೆ, ಎರಡು ಗೆರೆಯೂ ಸೇರಿ.

"ಸಹಿ ನಂದ ಅದರಿ," ಎಂದರು ಪಾಂಡುರಂಗ. ಬಲಗೈಯನ್ನು ಮೇಲೆತ್ತಿದರು. "ಆದ್ರ ಮೇ ಆರಕ್ಕ ಈ ಬೆರಳು ಇದ್ದಿಲ್ಲರಿ."

ಮಾರ್ಚ್ ನಾಲ್ಕರ ಶಸ್ತ್ರಚಿಕಿತ್ಸೆಯ ದಾಖಲೆಯನ್ನು ಪ್ರಣೀತಾಳ ವಕೀಲರು ಮುಂದಿಟ್ಟರು. ಪಾಂಡುರಂಗರ ಹೆಸರು ರಿಜಿಸ್ಟರಿಗೆ ಮರಳಬೇಕೆಂದು ಆದೇಶವಾಯಿತು. ಆದರೆ ಹೊಡೆತಕ್ಕೆ ಸಾಕ್ಷಿಯಿರಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಅವರೇ ಬಿದ್ದಿದ್ದರು. ಅದೇ ಶೆಡ್ಡಿಗೆ ಅವರು ಮತ್ತೆ ಹೋಗಬೇಕಿತ್ತು.

ಆದೇಶ ಬಂದ ಮರುದಿನ ಬೆಳಿಗ್ಗೆ ರಬಕವಿಯಲ್ಲಿ ಪಾಂಡುರಂಗರ ಮನೆಯ ಬಾಗಿಲಲ್ಲಿ ಬಾಳು ನಿಂತಿದ್ದ. ತುಟಿ ಹರಿದಿತ್ತು, ಮುಂದಿನ ಎರಡು ಹಲ್ಲಿರಲಿಲ್ಲ.

"ಬೆರಳ ಯಾಕ ಜಜ್ಜಿದಿ ಲೇ ಅಂತ ಗುರುಸಿದ್ದ ಸಲಾಕಿಲೆ ಬಡದಾನ್ರಿ. ನೀವ ಹೇಳಿದ್ರಿ ಅಂದ್ನಿ. ಮತ್ತ ಬಡದ."

"ಇವನ್ನ ಒಳಗ ಕರೀಬ್ಯಾಡಪ್ಪಾ," ಎಂದಳು ಪ್ರಣೀತಾ.

ಪಾಂಡುರಂಗ ಬಾಳುವಿನ ಕೈಗಳನ್ನು ನೋಡುತ್ತಿದ್ದರು. ಬೀಮ್ ತಳ್ಳಿದ್ದು ಅವೇ.

"ಒಳಗ ಅಲ್ಲ. ಠಾಣೆಕ್ಕ ಹೋಗೋಣು. ಬರ್ತೀಯೇನೋ?"

"ನನಗ ಹೊಡದದ್ದು ಹೇಳ್ತೀನ್ರಿ."

"ಎಲ್ಲಾ ಹೇಳಬೇಕು. ಬೀಮ್ ಯಾರು ಉರುಳಿಸಿದ್ರು ಅನ್ನೋದೂ."

"ಹಂಗಾದ್ರ ನನ್ನೂ ಒಳಗ ಹಾಕ್ತಾರ್ರಿ."

"ಹಾಕ್ತಾರ."

ಬಾಳು ರಕ್ತವನ್ನು ಬೀದಿಗೆ ಉಗುಳಿ, ಆಟೋ ಕರೆಯಲು ಹೋದ.