ಗೆಣಸಿಗೆ ಬೇಕಾದ ನೆಂಟರು

“ಬೂಷ್ಟು ಒರೆಸಿ ಒರೆಸಿಯೇ ನನ್ನ ಆಯುಸ್ಸು ಸವೀತು. ಈಗ ಅದನ್ನೇ ತಂದು ಮಣ್ಣಿಗೆ ಹಾಕು ಅಂತೀಯಲ್ಲೇ?”

ದೊಡ್ಡಮ್ಮ ಹೀಗಂದದ್ದು ಪಕ್ಕದ ಮನೆಯ ನರ್ಸರಿಯಕ್ಕನಿಗೆ. ಅವಳು ಬೇಲಿಯಾಚೆ ಸಸಿಗಳಿಗೆ ನೀರು ಹಾಕುತ್ತಿದ್ದಳು. ಮಾತು ಬಂದದ್ದು ದೊಡ್ಡಮ್ಮನ ಗೆಣಸಿನಿಂದ. ತೀರಿಹೋದ ಯಜಮಾನರು ಮೂವತ್ತು ವರ್ಷ ಕಾಪಾಡಿಕೊಂಡು ಬಂದ ತಳಿ ಅದು, ಬೇರೆಲ್ಲೂ ಸಿಗದು. ಹಳೇ ಪಾತಿಯಿದ್ದ ಜಾಗದಲ್ಲಿ ಮಗ ಸೈಕಲ್ ರಿಪೇರಿ ಶೆಡ್ ಕಟ್ಟಿ, ಅಮ್ಮನಿಗೆ ಮೂಲೆಯಲ್ಲಿ ಲಾರಿ ಮಣ್ಣು ತುಂಬಿಸಿಕೊಟ್ಟಿದ್ದ. ಆ ಮಣ್ಣಲ್ಲಿ ಎರಡು ಸಲವೂ ಬೆರಳು ಗಾತ್ರದ ಗೆಣಸೇ. ಮತ್ತೆ ಹೀಗಾದರೆ ಬಳ್ಳಿ ಕಿತ್ತು ಶೆಡ್ಡನ್ನೇ ದೊಡ್ಡದು ಮಾಡುತ್ತೇನೆ ಅಂತ ಅವನು ಹೇಳಿಯಾಗಿತ್ತು.

ನೀನು ಹೋದ ಸಲ ಕೊಟ್ಟ ಬೂಷ್ಟಿನ ಪುಡಿಯಿಂದ ಏನೂ ಆಗಲಿಲ್ಲ ಅಂತ ದೊಡ್ಡಮ್ಮ ತಕರಾರು ತೆಗೆದರು. ಯಾವುದಕ್ಕೆ ಹಾಕಿದಿರಿ ಅಂದರೆ, ಗೆಣಸಿಗೆ ಹಾಕಲು ಭಯವಾಯಿತು, ಮೂಲಂಗಿಗೆ ಹಾಕಿ ನೋಡಿದೆ ಅಂದರು.

ನರ್ಸರಿಯಕ್ಕ ನಕ್ಕುಬಿಟ್ಟಳು. “ಮೂಲಂಗಿ ಒಂಟಿ ಜೀವ ದೊಡ್ಡಮ್ಮ. ಬೀಟ್‌ರೂಟೂ ಅಷ್ಟೇ, ಈ ಪುಡಿಯಲ್ಲಿರೋ ಶಿಲೀಂಧ್ರದ ಜೊತೆ ಕೂಡೋದಿಲ್ಲ. ಗೆಣಸು, ಮರಗೆಣಸು, ಕ್ಯಾರೆಟ್ಟು ಹಾಗಲ್ಲ.”

ಅದರ ಹೆಸರು ಮೈಕೊರೈಜಾ ಅಂತ ಅವಳು ಬಿಡಿಸಿ ಹೇಳಿದಳು. ಕೂದಲಿಗಿಂತ ತೆಳ್ಳಗಿನ ಎಳೆಗಳು. ಬೇರಿಗೆ ಎಟುಕದ ಕಡೆಯಿಂದ ನೀರು, ರಂಜಕ ತಂದು ಕೊಡುತ್ತವೆ. ಬದಲಿಗೆ ಗಿಡ ಮಾಡಿದ ಸಕ್ಕರೆಯಲ್ಲಿ ಪಾಲು ಪಡೆಯುತ್ತವೆ. ಹಳೇ ಪಾತಿಯಲ್ಲಿ ತಾವಾಗಿಯೇ ಇರುತ್ತವೆ. ಹೀಗೆ ಲಾರಿಯಲ್ಲಿ, ಆಳದಿಂದ ಅಗೆದು ತಂದ ಮಣ್ಣಲ್ಲಿ ಇರೋದೇ ಕಡಿಮೆ.

ಕಳೆ ಕೀಳುತ್ತಿದ್ದ ದೊಡ್ಡಮ್ಮನ ಕೈ ನಿಂತಿತು.

“ಅದಕ್ಕೇನೇ ಅವರು ಹೊಸ ಪಾತಿ ಮಾಡುವಾಗೆಲ್ಲ ಹಳೇ ಪಾತಿಯಿಂದ ಬುಟ್ಟಿ ಬುಟ್ಟಿ ಮಣ್ಣು ಹೊರ್ತಿದ್ದದ್ದು? ಬಳ್ಳಿಗೊಂದು ಹಿಡಿ. ಮಣ್ಣಿಗೇ ಮಣ್ಣು ಬಡಿಸ್ತೀರಲ್ಲ ಅಂತ ರೇಗಿಸ್ತಿದ್ದೆ. ಹೊಸ ಜಾಗಕ್ಕೆ ಹೋಗೋಳ ಜೊತೆ ನೆಂಟರು ಬೇಡ್ವೇನೇ ಅನ್ನೋರು.”

ಮೀಸೆಗೆಲ್ಲ ಮಣ್ಣು ಮೆತ್ತಿಕೊಂಡು ನಗುತ್ತಿದ್ದರು ಅಂತ ಹೇಳಿ, ಮತ್ತೆ ಕಳೆಗೆ ಕೈಹಾಕಿದರು. ಹಳೇ ಮಣ್ಣಲ್ಲಿ ರೋಗವಿದ್ದರೆ ಅದೂ ಜೊತೆಗೆ ಬರುತ್ತೆ, ಅದಕ್ಕೇ ಈಗ ಈ ಪುಡಿ ಅಂತ ನರ್ಸರಿಯಕ್ಕ ಮೆಲ್ಲಗೆ ಸೇರಿಸಿದಳು.

ಈ ಸಲ ದೊಡ್ಡಮ್ಮ ಅರ್ಧ ಪಾತಿಗೆ ಪುಡಿ ಹಾಕಿ ಅರ್ಧವನ್ನು ಹಾಗೇ ಬಿಟ್ಟರು. ನೆಡುವಾಗ ಬಳ್ಳಿಯಲ್ಲಿ ಬೇರೊಡೆಯುವ ಗಿಣ್ಣಿಗೆ ತಾಗುವಂತೆ ಒಂದೊಂದು ಚಮಚ, ಅಷ್ಟೇ. ನಾಲ್ಕು ತಿಂಗಳಾದ ಮೇಲೆ ಮಗನೇ ಅಗೆದ. ಪುಡಿಯಿಲ್ಲದ ಕಡೆ ಹಳೇ ಕಥೆ. ಇನ್ನೊಂದು ಕಡೆ ಮುಷ್ಟಿಗೂ ಮೀರಿದ ಗೆಣಸು. ಎರಡನ್ನೂ ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿದ.

ಇದನ್ನು ಓದುತ್ತಿರುವ ನೀವೂ ಹೀಗೇ ಒಂದು ಸಾಲಿಗೆ ಹಾಕಿ, ಪಕ್ಕದ ಸಾಲು ಬಿಟ್ಟು, ನಿಮ್ಮ ಕಣ್ಣಾರೆ ನೋಡಿ. ಪುಡಿ ಬೇರಿಗೆ ತಾಗಲೇಬೇಕು. ಕೊಟ್ಟಿಗೆ ಗೊಬ್ಬರ ನಿಲ್ಲಿಸಬೇಡಿ. ಆದರೆ ರಂಜಕದ ಗೊಬ್ಬರ ಅತಿಯಾದರೆ, ಶಿಲೀಂಧ್ರನಾಶಕ ಸುರಿದರೆ, ಈ ನೆಂಟರು ನಿಲ್ಲುವುದಿಲ್ಲ. ನಿಮ್ಮ ಮನೆಯ ಹಿರಿಯರು ಮಣ್ಣಿಗೆ ಏನೇನು ಮಾಡುತ್ತಿದ್ದರು ಅಂತಲೂ ಕೇಳಿಟ್ಟುಕೊಳ್ಳಿ.

“ಶೆಡ್ಡು ಯಾವಾಗ ದೊಡ್ಡದು ಮಾಡ್ತೀಯೋ?” ದೊಡ್ಡಮ್ಮ ಮಗನನ್ನು ಕೇಳಿದರು.

“ಇರೋದೇ ಸಾಕು ಬಿಡಮ್ಮ.”

ಅವನು ಚೆನ್ನಾಗಿ ಬೆಳೆದ ಬಳ್ಳಿಗಳ ತುದಿ ಕತ್ತರಿಸಿ, ಹಳೇ ಟ್ಯೂಬಿನ ಪಟ್ಟಿಯಿಂದ ಕಟ್ಟಿ, ನೆಟ್ಟುಕೊಳ್ಳಲೆಂದು ಬೇಲಿಯಾಚೆ ನರ್ಸರಿಯಕ್ಕನ ಕೈಗೆ ಕೊಟ್ಟ.