ಏಳನೇ ನಂಬರು, ಹನ್ನೊಂದನೇ ನಂಬರು

"ನಿಮ್ಮ ಮನೆ ಮುಂದೆ ನಿಂತ್ಕೊಳ್ಳಿ ಅಂದ್ರೆ ಇಲ್ಯಾಕ್ ನಿಂತ್ರಿ ಅಮ್ಮ?" ಎನ್ನುತ್ತಾ ಬಿಲ್ ಕಲೆಕ್ಟರ್ ಮಹದೇವಸ್ವಾಮಿ ಮೊಬೈಲ್ ಕೆಳಗಿಳಿಸಿದ.

ಮರಿತಾಯಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಬೆನ್ನ ಹಿಂದಿದ್ದದ್ದು ಅವಳದೇ ಬಾಗಿಲು. "ಇದೇ ಕಣಪ್ಪ ನನ್ ಮನೆ. ಇಪ್ಪತ್ತೆರಡ್ ವರ್ಸದಿಂದ ಇಲ್ಲೇ ಇವ್ನಿ."

"ಇದು ಹನ್ನೊಂದು. ನಿಮ್ಮ ಬಾಡಿಗೆ ರಸೀದೀಲಿ ಏಳು ಅಂತ ಅದೆ. ಪುರಸಭೆ ಈಗ ಬಾಡಿಗೆದಾರರಿಗೇ ಮನೆ ಬರ್ಕೊಡ್ತಾ ಅದೆ. ರಸೀದಿ ಯಾವ ಮನೇದೋ ಅದೇ ನಿಮ್ಮ ಹೆಸರಿಗಾಗೋದು. ಆರ್‌ಸಿಸಿ ತಾರಸಿ ಹಾಕ್ಸೋಕೆ ಸಬ್ಸಿಡಿನೂ ಅದಕ್ಕೇ. ಇವತ್ತು ಫೋಟೋ ಆಗದೆ ಇದ್ರೆ ಪಟ್ಟಿಯಿಂದ ಹೆಸರು ಹೋಯ್ತದೆ."

ಅಯ್ಯೋ ಶಿವನೇ! ಗುಂಡ್ಲುಪೇಟೆಯ ಈ ಪುರಸಭೆ ಮನೆಗಳಿಗೆ ಬಂದಾಗ ಮರಿತಾಯಮ್ಮ ಏಳರಲ್ಲಿದ್ದದ್ದು ನಿಜ. ಹನ್ನೊಂದರಲ್ಲಿ ಲಕ್ಷ್ಮಿದೇವಿ. ಪಾಪ, ಅವಳಿಗೆ ಎರಡು ಹೆರಿಗೆಯಾದರೂ ಕೂಸು ಉಳಿಯಲಿಲ್ಲ. ಬಾಗಿಲು ತೆಂಕಲಿಗಿದೆ, ಮನೆ ಬದಲಾಯಿಸು ಅಂದರು ಹಿರಿಯರು. "ನೀ ನನ್ ಮನೆಗ್ ಓಗಮ್ಮಿ, ನಾ ನಿನ್ ಮನೆಗ್ ಬತ್ತೀನಿ" ಅಂದುಬಿಟ್ಟಳು ಮರಿತಾಯಮ್ಮ. ಒಂದು ಸೋಮವಾರ ಪಾತ್ರೆಪಡಗ ಹೊತ್ತು ಅದಲುಬದಲಾಗಿ, ಎರಡೂ ಕಡೆ ಹಾಲುಕ್ಕಿಸಿದರು. ಕಚೇರಿಗೆ ಹೇಳಬೇಕೆಂದು ಯಾರಿಗೆ ಹೊಳೆಯಬೇಕು? ಬಾಡಿಗೆಯನ್ನು ಅವರವರ ಹಳೇ ನಂಬರಿಗೇ ಕಟ್ಟುತ್ತಾ ಬಂದರು. ಮಾರನೇ ವರ್ಷ ಲಕ್ಷ್ಮಿದೇವಿಗೆ ಮಗಳು ಹುಟ್ಟಿ ಉಳಿದಳು. ಮರಿತಾಯಮ್ಮ ಗಂಡನ ಜೊತೆ ಕಲ್ಲುಮಣ್ಣು ಹೊತ್ತು ಹನ್ನೊಂದರ ಹಿತ್ತಲಲ್ಲಿ ಅಡುಗೆಮನೆ ಕಟ್ಟಿಕೊಂಡಳು. ಗಂಡ ಕಣ್ಣು ಮುಚ್ಚಿದ್ದೂ ಅಲ್ಲೇ. ಈಗ ಅದು ತನ್ನದಲ್ಲ ಅಂದರೆ ಏನರ್ಥ?

"ನಂಬರ್ ಬದ್ಲಾಯ್ಸ್ಕೊಡು ಸಾಮಿ," ಎಂದಳು.

"ಒಳಬಾಡಿಗೆ ಕೊಟ್ಟವ್ರೆ ಅಂತ ಇಬ್ಬರ ಹೆಸರೂ ಹೊಡೆದಾಕ್ತಾರೆ. ಸುಮ್ನಿರಿ. ಲಕ್ಷ್ಮಿದೇವಮ್ಮ, ನೀವ್ ಬನ್ನಿ ಇಲ್ಲಿಗೆ."

ಲಕ್ಷ್ಮಿದೇವಿ ಬೀದಿ ಮಧ್ಯೆಯೇ ನಿಂತುಬಿಟ್ಟಳು. ಮಗಳು ಶಶಿರೇಖಾ ಚೊಚ್ಚಲ ಹೆರಿಗೆಗೆಂದು ಬಂದು ತಿಂಗಳಾಗಿತ್ತು. "ಆ ಬಾಗ್ಲಲ್ ನಾ ನಿಂತ್ಕಳಕಿಲ್ಲ ಕಣಕ್ಕ. ಮನೆ ಓದ್ರೂ ಓಗ್ಲಿ," ಎಂದು ಅಳತೊಡಗಿದಳು.

ಮರಿತಾಯಮ್ಮನಿಗೆ ಸಿಟ್ಟು ಬಂತು, ಸಂಕಟವೂ ಆಯಿತು. ತಾನು ಬಾಳಿದ ಮನೆ ತನಗೆ ಸಿಗುತ್ತಿಲ್ಲ. ಸಿಗುವವಳಿಗೆ ಅದು ಬೇಡ. ಯಾರಿಗೆ ಏನು ಹೇಳುವುದು? ಕೊನೆಗೆ ತಾನೇ ಹೋಗಿ ಲಕ್ಷ್ಮಿದೇವಿಯ ರಟ್ಟೆ ಹಿಡಿದಳು. "ನಾನಿಲ್ಲಿ ಇಪ್ಪತ್ತೆರಡ್ ವರ್ಸ ಬದುಕಿಲ್ವಾ? ಬಾಮ್ಮಿ. ಸೂರು ಕಳ್ಕಂಡು ಬಸ್ರಿ ಮಗಳ್ನ ಎಲ್ಲಿ ಮಲಗುಸ್ತೀಯೆ?" ಎಂದು ಎಳೆದು ತಂದು, ತನ್ನ ಹೊಸ್ತಿಲ ಮುಂದೆ ನಿಲ್ಲಿಸಿದಳು. ಲಕ್ಷ್ಮಿದೇವಿ ಕಣ್ಣು ಮುಚ್ಚಿಕೊಂಡೇ ಇದ್ದಳು. ಕಣ್ಣು ಬಿಡಿಸಿ ಫೋಟೋ ತೆಗೆಯುವಷ್ಟರಲ್ಲಿ ಮಹದೇವಸ್ವಾಮಿಗೆ ಸಾಕುಸಾಕಾಯಿತು.

ಆಮೇಲೆ ಮರಿತಾಯಮ್ಮ ಏಳರ ಮುಂದೆ ಹೋಗಿ ನಿಂತಳು. ಎಲ್ಲಿ ನೋಡಬೇಕೋ ತಿಳಿಯದೆ ಮೊಬೈಲ್ ಹಿಡಿದ ಕೈಯನ್ನೇ ನೋಡಿದಳು.

"ಆಯ್ತು ಕಣಮ್ಮ. ಇನ್ಮೇಲೆ ಈ ಮನೆ ನಿಮ್ಮದು," ಎಂದು ಮಹದೇವಸ್ವಾಮಿ ಮುಂದಿನ ಬಾಗಿಲಿಗೆ ನಡೆದ.

ಮಾತು ಕೇಳಿ ಶಶಿರೇಖಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಒಳಗಿಂದ ಬಂದಳು. "ಇದ್ಯಾಕ್ ದೊಡ್ಡವ್ವ, ಬಿಸ್ಲಲ್ ನಿಂತಿದ್ದೀಯ? ಬಾ ಒಳೀಕೆ. ಕಾಪಿ ಕುಡ್ಕಂಡ್ ಓಗುವಂತೆ."

ಮರಿತಾಯಮ್ಮ ಒಂದು ಕಾಲೆತ್ತಿ ಹೊಸ್ತಿಲ ಮೇಲಿಡಲು ಹೋದವಳು, ಇಡದೆ ನಿಂತಳು.

"ಬರ್ಲಾ ಮಗ?" ಎಂದು ಕೇಳಿದಳು.